ನೀರು ಇಳಿದಂತೆ ಹಕ್ಕಿಯೂ ಬದಲು

ಎಲ್ಲರಿಗೂ ನಮಸ್ಕಾರ.

ನೀರಹಕ್ಕಿ ನೋಡಬೇಕು ಅಂದರೆ ರಂಗನತಿಟ್ಟಿಗೇ ಹೋಗಬೇಕು ಅಂತ ನಮ್ಮ ಕೊಡಗಿನಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಹೋಗಿ, ಖಂಡಿತ ಹೋಗಿ. ಪಕ್ಷಿತಜ್ಞ ಸಲೀಂ ಅಲಿಯವರು ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ಹರಿಯುವುದೂ ನಮ್ಮ ಕಾವೇರಿಯೇ. ಆದರೆ ನಾನಿವತ್ತು ಮಾತಾಡುವುದು ನಿಮ್ಮ ಪಕ್ಕದ ಕೆರೆಯ ಬಗ್ಗೆ. ಸೋಮವಾರಪೇಟೆ ಕಡೆಯವರಿಗೆ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ಇದೆ, ಗೌರಿ ಹಬ್ಬಕ್ಕೆ ನಾವು ಬಾಗಿನ ಬಿಡುವ ಕೆರೆ. ಕುಶಾಲನಗರದ ಸುತ್ತಮುತ್ತ ಹಾರಂಗಿ, ಚಿಕ್ಲಿಹೊಳೆ ಹಿನ್ನೀರಿದೆ. ಉಳಿದವರಿಗೆ ತೋಟದ ಕೆರೆ, ಅದರ ಕೆಳಗೆ ಗದ್ದೆ. ಅಷ್ಟು ಸಾಕು. ಹತ್ತು ಕೆರೆ ಸುತ್ತುವುದಕ್ಕಿಂತ ಒಂದೇ ಕೆರೆಯನ್ನು ವರ್ಷವಿಡೀ ನೋಡುವುದರಲ್ಲಿ ಕಲಿಯುವುದು ಜಾಸ್ತಿ.

ಯಾವ ಹಕ್ಕಿ ಬರುತ್ತದೆ ಅನ್ನುವುದು ಬಹುಪಾಲು ನೀರಿನ ಆಳದ ಮೇಲೆ ನಿಂತಿದೆ. ಗುಳುಮುಳುಕಕ್ಕೆ, ನೀರುಕಾಗೆಗೆ ಮುಳುಗಿ ಮೀನು ಹಿಡಿಯುವಷ್ಟು ನೀರು ಬೇಕು. ಬೆಳ್ಳಕ್ಕಿಗೆ ಕಾಲು ಮುಳುಗಿದರೆ ಆಯಿತು. ಕೆಸರಿನಲ್ಲಿ ಹುಳ ಹುಡುಕುವ ಗೊರವಗಳಿಗೆ (ಸ್ಯಾಂಡ್ ಪೈಪರ್) ಹಸಿ ಕೆಸರಿದ್ದರೂ ನಡೆಯುತ್ತದೆ. ಇನ್ನು ಕೊಡಗಿನಲ್ಲಿ ಈ ಆಳ ಯಾರ ಕೈಯಲ್ಲಿದೆ? ಮಳೆಯ ಕೈಯಲ್ಲಿ ಅರ್ಧ, ನಮ್ಮ ಕೈಯಲ್ಲಿ ಅರ್ಧ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆರೆ ತುಂಬಿರುತ್ತದೆ. ಮಳೆ ಜೋರಿರುವ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಯಾರೂ ಹಕ್ಕಿ ನೋಡಲು ಹೊರಡುವುದಿಲ್ಲ. ಜಿಗಣೆ, ಮಂಜು, ಬೈನಾಕ್ಯುಲರ್ ಗಾಜಿಗೆ ಆವಿ. ಆದರೆ ಕೆರೆಯ ನಿಜವಾದ ಸಂಸಾರ ನಡೆಯುವುದು ಆಗಲೇ. ಗುಳುಮುಳುಕದ ಗೂಡು ನೋಡಿ. ಜೊಂಡಿನ ನಡುವೆ ಕೊಳೆತ ಸೊಪ್ಪಿನ ಒಂದು ಒದ್ದೆ ಗುಡ್ಡೆ, ಅಷ್ಟೇ. ತಾಯಿಯೋ ತಂದೆಯೋ ಗೂಡು ಬಿಟ್ಟು ಇಳಿಯುವ ಮೊದಲು ಕೊಕ್ಕಿನಲ್ಲಿ ಸೊಪ್ಪು ಎಳೆದು ಮೊಟ್ಟೆಗಳನ್ನು ಮುಚ್ಚುತ್ತದೆ. ಬೆಳ್ಳಗಿದ್ದ ಮೊಟ್ಟೆ ಕೆಲವೇ ದಿನದಲ್ಲಿ ಸೊಪ್ಪಿನ ಬಣ್ಣ ಹಿಡಿದು ಕಂದಾಗುತ್ತದೆ. ಮರಿಗಳು ಅಪ್ಪ ಅಮ್ಮನ ಬೆನ್ನೇರಿ ರೆಕ್ಕೆಯೊಳಗಿಂದ ತಲೆ ಮಾತ್ರ ಹೊರಗೆ ಹಾಕಿ ಕೂರುತ್ತವೆ. ತಾವರೆ, ನೈದಿಲೆ ಇರುವ ಕೆರೆಯಾದರೆ ದೇವನಕ್ಕಿಯನ್ನೂ ಹುಡುಕಿ. ಅದರಲ್ಲಿ ಕಾವು ಕೊಡುವುದು, ಮರಿ ಸಾಕುವುದು ಗಂಡು. ಅಪಾಯ ಕಂಡರೆ ಮರಿಗಳನ್ನು ರೆಕ್ಕೆಯಡಿ ಸಿಕ್ಕಿಸಿಕೊಂಡು ಎಲೆಯಿಂದ ಎಲೆಗೆ ನಡೆದುಬಿಡುತ್ತದೆ. ಅದಕ್ಕೇ ಹೇಳುವುದು, ಮಳೆಗಾಲದಲ್ಲಿ ಕೆರೆ ಅಂಚಿನ ಜೊಂಡು ಕಡಿಯಬೇಡಿ. ಕಡಿಯಲೇಬೇಕಾದರೆ ಡಿಸೆಂಬರ್‌ವರೆಗೆ ಕಾಯಿರಿ.

ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಮುಹೂರ್ತದ ಹಬ್ಬ ಮುಗಿಯುವ ಹೊತ್ತಿಗೆ ಮೊದಲ ಅತಿಥಿ ಬರುತ್ತಾನೆ, ಬೂದು ಸಿಪಿಲೆ. ಹೊಟ್ಟೆ ಹಳದಿ, ಬೆನ್ನು ಬೂದಿ, ಬಾಲ ಒಂದು ಗಳಿಗೆ ನಿಲ್ಲುವುದಿಲ್ಲ. ಹಿಮಾಲಯದಿಂದ, ಅದರಾಚೆಯಿಂದ ಬಂದು ನಮ್ಮ ತೋಡಿನ ಕಲ್ಲಿನ ಮೇಲೆ ಕೂರುತ್ತದೆ. ಅದರ ಹಿಂದೆಯೇ ಗೊರವಗಳು, ಕರೆಂಟ್ ತಂತಿ ಮೇಲೆ ಸಾಲಾಗಿ ಕವಲುತೋಕೆಗಳು. ಗೊರವಗಳನ್ನು ಗುರುತಿಸುವುದು ಕಷ್ಟ ಅಂತ ಹೊಸಬರು ಕೈಬಿಡುತ್ತಾರೆ. ಎರಡನ್ನು ಕಲಿತರೆ ನಮ್ಮ ಕೆರೆಗಳಿಗೆ ಮುಕ್ಕಾಲು ಪಾಲು ಸಾಕು. ಹೆಗಲ ಹತ್ತಿರ, ರೆಕ್ಕೆಯ ಮುಂದೆ ಬಿಳಿ ಮೇಲಕ್ಕೆ ಚಾಚಿದ್ದು, ನೀರಿಗೆ ತಾಗುವಷ್ಟು ಕೆಳಗೆ ರೆಕ್ಕೆ ಬಿಗಿಹಿಡಿದು ಹಾರಿದರೆ ಅದು ಸಾಮಾನ್ಯ ಗೊರವ. ಕಪ್ಪು ಬೆನ್ನಿನದು ಜೋರಾಗಿ ಕೂಗುತ್ತಾ ಮೇಲೇರಿ, ಬಾಲದ ಬುಡ ಬೆಳ್ಳಗೆ ಹೊಳೆದರೆ ಅದು ಹಸಿರು ಗೊರವ.

ಬಾತುಗಳು ಸಾವಿರಗಟ್ಟಲೆ ಬರುವುದಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಪಟ್ಟೆತಲೆ ಹೆಬ್ಬಾತುಗಳಿಗೆ ಮೈಸೂರು ಕಡೆ ಹದಿನಾರು ಅನ್ನುವ ಊರಿನ ಕೆರೆಯಂಥ ಅಗಲ, ತೆಳು ನೀರು ಬೇಕು. ನಮ್ಮ ಕೆರೆಗಳು ಕಣಿವೆಯವು, ಚಿಕ್ಕವು, ಆಳದವು.

ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆದು, ಕೊಯ್ಲಾದ ಗದ್ದೆಯಲ್ಲಿ ನೀರು ನಿಂತಿದ್ದರೆ ಅದೂ ಕೆರೆಯ ಭಾಗವೇ. ಕೊಳದ ಬಕ, ಬೆಳ್ಳಕ್ಕಿ, ಟಿಟ್ಟಿಭ ಎಲ್ಲ ಹಗಲು ಅಲ್ಲೇ ಮೇಯುತ್ತವೆ. ಗದ್ದೆ ಪಾಳು ಬಿಟ್ಟರೆ, ಮಣ್ಣು ತುಂಬಿ ಸೈಟ್ ಮಾಡಿದರೆ, ಕೆರೆ ಉಳಿದರೂ ಈ ಹಕ್ಕಿಗಳು ಉಳಿಯುವುದಿಲ್ಲ. ನನಗೆ ಇದು ತುಂಬಾ ನೋವಿನ ವಿಷಯ. ಗದ್ದೆ ಲಾಭ ತರುವುದಿಲ್ಲ ಅನ್ನುವುದು ನಿಜ, ಬೇಸಾಯ ಮಾಡುವವರಿಗೆ ಆಳು ಸಿಗುವುದಿಲ್ಲ ಅನ್ನುವುದೂ ನಿಜ. ಆದರೂ ಎಲ್ಲ ಗದ್ದೆಯೂ ಹೋಗಬಾರದು.

ಫೆಬ್ರವರಿ, ಮಾರ್ಚ್ ಬಂತು ಅಂದರೆ ಕಾಫಿ ಹೂ ಅರಳಿಸುವ ಹೂಮಳೆ ಕಾಯುತ್ತೇವೆ. ಬಾರದಿದ್ದರೆ ಮೋಟರ್ ಹಾಕಿ ಸ್ಪ್ರಿಂಕ್ಲರ್ ತಿರುಗಿಸುತ್ತೇವೆ. ಕೆರೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಕಾಫಿಗೆ ನೀರು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಇಳಿದ ನೀರಿನ ಸುತ್ತ ಕೆಸರು ಬಿದ್ದರೆ, ವಾಪಸ್ ಹೊರಡುವ ಮುಂಚೆ ಗೊರವಗಳಿಗೆ ಒಳ್ಳೆ ಊಟ. ಆದರೆ ಆ ಕೆಸರು ಬೀಳಬೇಕಾದರೆ ಕೆರೆಗೆ ಇಳಿಜಾರು ಬೇಕಲ್ವಾ? ಈಚೆಗೆ ಜೆಸಿಬಿ ತಂದು ಹೂಳು ತೆಗೆಯುವಾಗ ನಾಲ್ಕೂ ಕಡೆ ಗೋಡೆಯಂತೆ ನೇರ ಕಡಿಯುತ್ತಿದ್ದೇವೆ. ನೀರು ಎಷ್ಟು ಇಳಿದರೂ ಅಲ್ಲಿ ಹಕ್ಕಿಗೆ ಕಾಲಿಡಲು ಜಾಗವಿಲ್ಲ. ತೋಟದವರಲ್ಲಿ ನನ್ನ ಒಂದೇ ಕೇಳಿಕೆ: ಒಂದು ಬದಿ ಮಾತ್ರ ಓರೆಯಾಗಿ ಬಿಡಿ. ನೀರಿನ ಲೆಕ್ಕದಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆ ಸ್ವಲ್ಪ ಬಿಟ್ಟುಕೊಡಿ.

ಶುರು ಮಾಡುವವರಿಗೆ ಒಂದೆರಡು ಮಾತು. 8x42 ಬೈನಾಕ್ಯುಲರ್ ಒಂದು ಸಾಕು. ಆನೆ ಓಡಾಡುವ ಕಡೆ ಚೆನ್ನಾಗಿ ಬೆಳಕು ಹರಿಯುವವರೆಗೆ ಕೆರೆಗೆ ಇಳಿಯಬೇಡಿ, ಒಬ್ಬರೇ ಹೋಗಬೇಡಿ. ಗೂಡಿನ ಫೋಟೋಗೆ ಹತ್ತಿರ ಹೋಗಬೇಡಿ. ನೋಡಿದ್ದನ್ನು ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ನಲ್ಲಿ ಬರೆಯಿರಿ, ನೀರು ಎಷ್ಟಿತ್ತು ಅಂತಲೂ ಸೇರಿಸಿ. ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್, ಅಂದರೆ ನೀರಹಕ್ಕಿಗಳ ಎಣಿಕೆ, 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಈ ಸಲ ನಿಮ್ಮ ಕೆರೆಯ ಎಣಿಕೆ ನೀವೇ ಮಾಡಿ. ಗುರುತು ಸಿಗದ ಹಕ್ಕಿ ಇದ್ದರೆ ಫೋಟೋ ತನ್ನಿ, ಕೂತು ನೋಡೋಣ. ಈಗ ಪ್ರಶ್ನೆಗಳಿದ್ದರೆ ಕೇಳಿ.