ಯಾರನ್ನು ಕಂಡು ಹೆದರಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ದೆವ್ವದ ಕಥೆ ಅಂದ ಕೂಡಲೇ ನಮ್ಮ ರಾಯಚೂರು ಕಡೆ ಎರಡು ಮಾತು ಕೇಳಿಬರುತ್ತವೆ. "ರಾತ್ರಿ ಹೊತ್ತು ಅದೆಲ್ಲ ಬ್ಯಾಡ ಬಿಡ್ರಿ" ಅನ್ನುವವರು ಒಂದಿಷ್ಟು ಜನ. "ಅದೂ ಒಂದು ಸಾಹಿತ್ಯ ಏನ್ರಿ?" ಅನ್ನುವವರು ಇನ್ನೊಂದಿಷ್ಟು ಜನ. ಮೊದಲನೆಯವರ ಮೇಲೆ ನನಗೆ ಪ್ರೀತಿ ಇದೆ. ಕಥೆಗೆ ಶಕ್ತಿ ಇದೆ ಅಂತ ಅವರು ಒಪ್ಪಿಕೊಂಡ ಹಾಗಾಯಿತು. ಇವತ್ತಿನ ನನ್ನ ಮಾತು ಎರಡನೆಯವರಿಗೆ.

ನಮ್ಮ ಹಳಗನ್ನಡ ಕವಿಗಳು ಹೆದರಿಕೆಯನ್ನು ಕೀಳು ಅಂತ ದೂರ ಇಟ್ಟವರಲ್ಲ. ಜನ್ನ 'ಯಶೋಧರ ಚರಿತೆ' ಬರೆದದ್ದು 1209ರಲ್ಲಿ. ಕಥೆ ಶುರುವಾಗುವುದೇ ಮಾರಿಯ ಗುಡಿಯಲ್ಲಿ. ಅಭಯರುಚಿ, ಅಭಯಮತಿ ಅನ್ನುವ ಅಣ್ಣ ತಂಗಿಯನ್ನು ಬಲಿ ಕೊಡಲು ಹಿಡಿದು ತಂದಿದ್ದಾರೆ. ಎದುರಿಗೆ ರಾಜ ಮಾರಿದತ್ತ ಇದ್ದಾನೆ. ಆ ಎಳೆಯರು ಅಂಜುವುದಿಲ್ಲ. ಅವರು ಹೇಳಿದ ಕಥೆ ಕೇಳಿ ಕೊನೆಗೆ ನಡುಗುವವನು ರಾಜನೇ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ರಣರಂಗದ ಹೆಣಗಳ ನಡುವೆ ನಡೆದು ಹೋಗುತ್ತಾನೆ. ಅಲ್ಲಿನ ಮರುಳುಗಳು, ಅಂದರೆ ಪಿಶಾಚಿಗಳು, ಅವನನ್ನು ನೋಡಿ ನಗುತ್ತವೆ. ಎರಡೂ ಕಡೆ ನಮಗೆ ಹೆದರಿಕೆ ಹುಟ್ಟುವುದು ಅಧಿಕಾರ ಇದ್ದವನು ಮಾಡಿದ ಕೆಲಸ ನೆನೆದು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ವಿಮರ್ಶೆಗೆ ಬರೋಣ. ನಮ್ಮ ಊರಲ್ಲಿ ಒಂದಿಷ್ಟು ಜನ ಸೇರಿ ಕಥೆ ಓದುತ್ತೇವೆ. ಓದಿದ ಮೇಲೆ ಒಂದು ಪುಟ ಬರೆಯಬೇಕು ಅಂತ ಮಾತು. ಹೊಸಬರು ಸಾಮಾನ್ಯವಾಗಿ "ಓದುತ್ತಾ ಮೈ ಜುಮ್ಮೆಂದಿತು" ಅಂತ ಬರೆದು ನಿಲ್ಲಿಸಿಬಿಡುತ್ತಾರೆ. ಸರಿ, ಜುಮ್ಮೆಂದಿತು. ಯಾವ ಸಾಲಿನಲ್ಲಿ? ಅದಕ್ಕೆ ಮುಂಚೆ ಲೇಖಕ ಏನು ಮಾಡಿದ್ದ? ವಿಮರ್ಶಕ ಮತ್ತೆ ಹಿಂದಕ್ಕೆ ಹೋಗಿ ಆ ಜಾಗ ಹುಡುಕಬೇಕು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಮೊದಲ ಸಲ ರಾತ್ರಿ ಓದಿ, ಎರಡನೇ ಸಲ ಹಗಲಲ್ಲಿ ಪೆನ್ಸಿಲ್ ಹಿಡಿದು ಓದಿ.

ಒಂದು ಉದಾಹರಣೆ ಕೊಡುತ್ತೇನೆ. ಇಂಗ್ಲಿಷಿನಲ್ಲಿ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಬರೆದ 'ದಿ ಮಂಕೀಸ್ ಪಾ' ಅಂತ ಒಂದು ಸಣ್ಣ ಕಥೆ ಇದೆ. 1902ರದ್ದು. ಇಂಡಿಯಾದಲ್ಲಿದ್ದು ವಾಪಸ್ ಹೋದ ಒಬ್ಬ ಸೈನಿಕ ಒಣಗಿದ ಕೋತಿಯ ಪಂಜ ಒಂದನ್ನು ಗೆಳೆಯನ ಮನೆಗೆ ತರುತ್ತಾನೆ. ಒಬ್ಬ ಫಕೀರ ಮಂತ್ರ ಹಾಕಿದ ಪಂಜ ಅದು. ಮೂರು ಆಸೆ ಕೇಳಬಹುದು. ಆ ಮನೆಯಲ್ಲಿ ಅಪ್ಪ, ಅಮ್ಮ, ಒಬ್ಬನೇ ಮಗ. ಹೊರಗೆ ಮಳೆ ಗಾಳಿ, ಒಳಗೆ ಬೆಂಕಿ ಕಾಯಿಸುತ್ತಾ ಅಪ್ಪ ಮಗ ಚದುರಂಗ ಆಡುತ್ತಿರುತ್ತಾರೆ. ಇನ್ನೂರು ಪೌಂಡ್ ಹಣ ಬರಲಿ ಅಂತ ಅಪ್ಪ ಕೇಳಿಕೊಳ್ಳುತ್ತಾನೆ. ಮಾರನೇ ದಿನ ಮಗ ಕೆಲಸಕ್ಕೆ ಹೋಗುತ್ತಾನೆ.

ಆಮೇಲೆ ಅಪರಿಚಿತನೊಬ್ಬ ಮನೆಯ ಮುಂದೆ ಕಾಣಿಸುತ್ತಾನೆ. ಒಳ್ಳೆಯ ಬಟ್ಟೆ, ಹೊಸ ಟೋಪಿ. ಮೂರು ಸಲ ಗೇಟಿನ ಹತ್ತಿರ ನಿಂತು ಮುಂದೆ ಹೋಗುತ್ತಾನೆ. ನಾಲ್ಕನೇ ಸಲ ಗೇಟು ತೆಗೆದು ಒಳಗೆ ಬರುತ್ತಾನೆ. ಮಾತು ಶುರು ಮಾಡಲು ಆಗುವುದಿಲ್ಲ. ಬಗ್ಗಿ ತನ್ನ ಪ್ಯಾಂಟಿಗೆ ಅಂಟಿದ ಹತ್ತಿಯ ಎಳೆಯೊಂದನ್ನು ಕಿತ್ತು ತೆಗೆಯುತ್ತಾನೆ. ಫ್ಯಾಕ್ಟರಿಯಿಂದ ಬಂದವನು ಅವನು.

ಈ ಸಾಲನ್ನು ನಮ್ಮಲ್ಲಿ ಹಿಡಿದು ತೋರಿಸಿದವರು ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರು. "ಮಿಷನ್ನಿಗೆ ಸಿಕ್ಕು ಯಾರಿಗರ ಪೆಟ್ಟಾದಾಗ ಮನಿಗೆ ಸುದ್ದಿ ಮುಟ್ಟಸಾಕ ಹೋದವ ಹಿಂಗ ನಿಂತಿರ್ತಾನ್ರಿ. ಮುಖ ನೋಡಾಕ ಆಗಂಗಿಲ್ಲ, ಅರಿವಿ ನೋಡ್ಕೋತಾನ" ಅಂದರು. ಆ ದಿನ ಓದಿದ ಯಾರೂ ಪಂಜದ ಬಗ್ಗೆ ಮಾತಾಡಲಿಲ್ಲ. ಎಲ್ಲರೂ ಮಾತಾಡಿದ್ದು ಆ ಹತ್ತಿ ಎಳೆಯ ಬಗ್ಗೆ. ಹತ್ತಿ ಬೆಳೆಯುವ, ಹತ್ತಿ ಮಾರುವ ಊರು ನಮ್ಮದು. ಆ ಎಳೆ ನಮಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು? ಆ ಹಿರಿಯರು ಹೇಳಿದ್ದು ನನ್ನ ಲೆಕ್ಕದಲ್ಲಿ ಮೊದಲ ದರ್ಜೆಯ ವಿಮರ್ಶೆ. ಮಾಂತ್ರಿಕ ಪಂಜವನ್ನು ನಾವು ನಂಬುವುದು ಅಂಥ ಒಂದು ನಿಜವಾದ ಎಳೆಯಿಂದ. ಮುಂದೇನಾಯಿತು ಅಂತ ನಾನು ಹೇಳುವುದಿಲ್ಲ. ಅರ್ಧ ಗಂಟೆ ಸಾಕು, ಓದಿ ನೋಡಿ.

ಭಯಾನಕ, ಬೀಭತ್ಸ ಎರಡನ್ನೂ ಭರತನ ನಾಟ್ಯಶಾಸ್ತ್ರ ಬೇರೆ ಬೇರೆ ರಸ ಅಂತಲೇ ಇಟ್ಟಿದೆ. ಒಂದರ ಬೇರು ಭಯ, ಇನ್ನೊಂದರದ್ದು ಜುಗುಪ್ಸೆ. ಪುಟದ ತುಂಬ ರಕ್ತ, ಹುಳ, ಕೊಳೆತ ಮಾಂಸ ಇದ್ದರೆ ಹೇಸಿಗೆ ಆಗುತ್ತದೆ. ಬಾಗಿಲು ಬಡಿದ ಸದ್ದಾಗಿ, ಹೊರಗೆ ಯಾರಿದ್ದಾರೆ ಅಂತ ಗೊತ್ತಾಗದಿದ್ದರೆ ಭಯ ಆಗುತ್ತದೆ. ಯಾವುದು ಎಷ್ಟು ಇದೆ ಅಂತ ವಿಮರ್ಶೆಯಲ್ಲಿ ಬಿಡಿಸಿ ಹೇಳಿದರೆ ಓದುಗರಿಗೆ ದೊಡ್ಡ ಉಪಕಾರ.

ಇಷ್ಟು ಕಸುಬಿನ ಮಾತು. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ. ಈ ಕಥೆ ನಮಗೆ ಯಾರನ್ನು ಕಂಡು ಹೆದರಲು ಕಲಿಸುತ್ತಿದೆ?

ನಮ್ಮ ಭಾಗದಲ್ಲಿ ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಬಾನಾಮತಿ ಅನ್ನುವ ಮಾತು ಕಲಬುರಗಿ, ಬೀದರ್, ರಾಯಚೂರಿನ ಹಳ್ಳಿಗಳಲ್ಲಿ ಗೊತ್ತಿಲ್ಲದವರಿಲ್ಲ. ಮನೆ ಮೇಲೆ ಕಲ್ಲು ಬಿತ್ತು, ಬಟ್ಟೆಗೆ ತಾನಾಗೇ ಬೆಂಕಿ ಹತ್ತಿತು ಅಂತ ಸುದ್ದಿ ಹಬ್ಬುತ್ತದೆ. ಮಾಡಿಸಿದವರು ಯಾರು ಅಂತ ಬೆರಳು ತೋರಿಸುವುದು ಯಾರ ಕಡೆ? ಒಂಟಿ ಮುದುಕಿಯ ಕಡೆ, ಗಂಡ ಸತ್ತವಳ ಕಡೆ, ಊರಲ್ಲಿ ಯಾರೂ ಇಲ್ಲದವರ ಕಡೆ. ಕಾಯಿಲೆ ಬಿದ್ದ ಹುಡುಗಿಗೆ ಗಾಳಿ ಬಡಿದಿದೆ ಅಂತ ಹೊಡೆದವರಿದ್ದಾರೆ. ಇದನ್ನೆಲ್ಲ ತಡೆಯಲೆಂದೇ ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾಯ್ದೆ ಬಂತು. ದೆವ್ವ ಬಿಡಿಸುತ್ತೇವೆ ಅಂತ ಒಬ್ಬರನ್ನು ಕಟ್ಟಿ ಹೊಡೆಯುವುದು ಈಗ ಅಪರಾಧ.

ಇಂಥ ಊರಲ್ಲಿ ಕೂತು ಓದುವಾಗ, ಬಿಳಿ ಸೀರೆ ಉಟ್ಟ ಹೆಂಗಸೇ ದೆವ್ವ, ಹುಚ್ಚನೇ ರಾಕ್ಷಸ ಅಂತ ತೀರ್ಮಾನ ಮಾಡಿ ಮುಗಿಸುವ ಕಥೆ ಎದುರಾದರೆ ಏನು ಮಾಡಬೇಕು? ಅದು ಎಷ್ಟೇ ಚೆನ್ನಾಗಿ ಹೆದರಿಸಲಿ, ಅದರ ತಪ್ಪನ್ನು ಬರೆಯಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. "ಕಥೆ ತಾನೇ, ಬಿಡ್ರಿ" ಅಂತ ಕೆಲವರು ಹೇಳುತ್ತಾರೆ. ಕಥೆಯಲ್ಲಿ ಕಲಿತ ಹೆದರಿಕೆ ಓಣಿಗೂ ಬರುತ್ತದೆ. ಮೊದಲೇ ಸೋತಿರುವವರ ಮೇಲೆ ಬೀಳುತ್ತದೆ.

ಹಾಗಂತ ವಿಚಿತ್ರ ರೂಪದ ಜೀವಿ ಕಥೆಯಲ್ಲಿ ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ನೋಡಿ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಮನೆಯಲ್ಲಿ ಮಳೆಗೆ ಸಿಕ್ಕಿಕೊಂಡ ಗೆಳೆಯರಿಗೆ ಕವಿ ಬೈರನ್, ಒಬ್ಬೊಬ್ಬರೂ ಒಂದು ದೆವ್ವದ ಕಥೆ ಬರೆಯೋಣ ಅಂದ. ಹದಿನೆಂಟರ ಹುಡುಗಿ ಮೇರಿ ಶುರು ಮಾಡಿದ ಕಥೆ 1818ರಲ್ಲಿ ಪುಸ್ತಕವಾಗಿ ಬಂತು. ಲೇಖಕಿಯ ಹೆಸರು ಇರಲಿಲ್ಲ. ಅದನ್ನು ಮೆಚ್ಚಿ ವಿಮರ್ಶೆ ಬರೆದ ಕಾದಂಬರಿಕಾರ ವಾಲ್ಟರ್ ಸ್ಕಾಟ್, ಬರೆದವನು ಮೇರಿಯ ಗಂಡ, ಕವಿ ಪರ್ಸಿ ಶೆಲ್ಲಿ ಅಂತಲೇ ನಂಬಿದ್ದ.

ಅದರಲ್ಲಿ ವಿಜ್ಞಾನಿ ತಾನೇ ಹುಟ್ಟಿಸಿದ ಜೀವಿಯನ್ನು ನೋಡಿ ಹೇಸಿ ಓಡಿಹೋಗುತ್ತಾನೆ. ಆ ಜೀವಿ ಒಂದು ಬಡ ಮನೆಯ ಪಕ್ಕದ ಗೂಡಿನಲ್ಲಿ ಅಡಗಿ, ಸಂದಿಯಿಂದ ಇಣುಕಿ ನೋಡುತ್ತಾ ಮಾತು ಕಲಿಯುತ್ತದೆ. ಯಾರಿಗೂ ಕಾಣದ ಹಾಗೆ ಅವರಿಗೆ ಸೌದೆ ತಂದು ಹಾಕುತ್ತದೆ. ಒಂದು ದಿನ ಧೈರ್ಯ ಮಾಡಿ, ಮನೆಯಲ್ಲಿ ಒಬ್ಬನೇ ಇದ್ದ ಕುರುಡ ಮುದುಕನ ಹತ್ತಿರ ಹೋಗುತ್ತದೆ. ಮುದುಕ ಪ್ರೀತಿಯಿಂದ ಮಾತಾಡಿಸುತ್ತಾನೆ. ಕಣ್ಣಿದ್ದ ಮಕ್ಕಳು ಬಂದ ಕೂಡಲೇ ಮಗ ಕೋಲು ತೆಗೆದುಕೊಂಡು ಹೊಡೆಯುತ್ತಾನೆ. ಅಲ್ಲಿಯವರೆಗೆ ಜೀವಿಗೆ ಹೆದರುತ್ತಿದ್ದ ನಾವು, ಆ ಪುಟದಲ್ಲಿ ಅದರ ಪಕ್ಕ ನಿಂತಿರುತ್ತೇವೆ. ಮುಂದೆ ಅದು ಕೊಲೆ ಮಾಡಿದಾಗಲೂ, ಇದನ್ನು ಹೀಗೆ ಮಾಡಿದವರು ಯಾರು ಅನ್ನುವ ಪ್ರಶ್ನೆ ಬಿಡುವುದಿಲ್ಲ. ಎರಡು ನೂರು ವರ್ಷ ದಾಟಿದರೂ ಜನ ಈ ಪುಸ್ತಕ ಓದುತ್ತಿರುವುದು ಇದಕ್ಕೇ ಅಂತ ನಾನು ನಂಬಿದ್ದೇನೆ.

ನಮ್ಮ ಕಡೆಯ ಹುಡುಗ ಹುಡುಗಿಯರು ಹೆದರಿಸುವ ಕಥೆ ಬರೆಯಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಹಾಳು ಬಂಗಲೆ, ಮೊಂಬತ್ತಿ ಹಿಡಿದ ಕೆಲಸದವನು ನಮಗೆ ಬೇಕಿಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ, ಗಂಗಾವತಿ ಹತ್ತಿರ, ಹಿರೇಬೆಣಕಲ್ ಇದೆ. ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ನೂರಾರು ಕಲ್ಲಿನ ಸಮಾಧಿಗಳು. ನೋಡಿದರೆ ಥೇಟ್ ಮನೆಗಳೇ. ಮೂರು ಕಡೆ ಕಲ್ಲಿನ ಗೋಡೆ, ಮೇಲೆ ಚಪ್ಪಡಿ, ಎದುರಿನ ಕಲ್ಲಿನಲ್ಲಿ ದುಂಡಗೆ ಕೊರೆದ ಕಿಂಡಿ. ಅಲ್ಲಿ ಗಿಡ್ಡ ಜನ ಇದ್ದರು ಅಂತ ಊರವರು ಹೇಳುತ್ತಾರೆ. ಎತ್ತರದ ಬಂಡೆಯ ಮೇಲೆ ಒಂದು ಕಲ್ಲಿನ ನಗಾರಿಯೂ ಇದೆ. ಕಟ್ಟಿಗೆಯಿಂದ ಬಡಿದರೆ ಸದ್ದು ಬಹಳ ದೂರ ಕೇಳುತ್ತದೆ. ಆ ನಗಾರಿಯನ್ನು ರಾತ್ರಿ ಯಾರು ಬಡಿದರು? ಯಾರನ್ನು ಕರೆಯಲು ಬಡಿದರು? ಕೆಳಗೆ ಗದ್ದೆಗೆ ನೀರು ಕಟ್ಟಲು ಹೋದವನಿಗೆ ಅದು ಕೇಳಿತೇ?

ಇಲ್ಲಿಂದ ಮುಂದೆ ನೀವು ಬರೆಯಿರಿ. ನೀರು ಕಟ್ಟುವವನ ಕೈಯಲ್ಲಿನ ಸಲಿಕೆ, ಕಾಲಿಗೆ ಹತ್ತಿದ ಎರೆಮಣ್ಣು ಸರಿಯಾಗಿ ಬರೆಯಿರಿ, ಆಗ ನಗಾರಿಯನ್ನು ನಾವು ನಂಬುತ್ತೇವೆ. ಬರೆದದ್ದನ್ನು ನಮಗೆ ಓದಲು ಕೊಡಿ. ಒಂದು ಸಲ ರಾತ್ರಿ ಓದುತ್ತೇವೆ, ಒಂದು ಸಲ ಹಗಲಲ್ಲಿ ಓದುತ್ತೇವೆ, ಯಾವ ಸಾಲಿನಲ್ಲಿ ಹೆದರಿದೆವು ಅಂತ ಬರೆದು ಕಳಿಸುತ್ತೇವೆ. ಆ ವಿಮರ್ಶೆಯ ಮೊದಲ ಪುಟ ಬರೆಯುವ ಕೆಲಸ ನನ್ನದು.

ನಮಸ್ಕಾರ.