ಗೆರೆ ದಾಟುವ ಬಣ್ಣ

ಕೇಳುಗರಿಗೆ ನಮಸ್ಕಾರ.

ಮೊನ್ನೆ ರಾತ್ರಿ ಹತ್ತು ಗಂಟೆಯಲ್ಲಿ ನಮ್ಮ ಮಗಳು ಕೂತು ಮಾವಿನಹಣ್ಣಿನ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಹೋಂವರ್ಕು ಅವಳದಲ್ಲ, ನಾಲ್ಕು ವರ್ಷದ ನನ್ನ ಮೊಮ್ಮಗಳದು. ಹಿಂದಿನ ಪುಟದಲ್ಲಿ ಟೀಚರ್ ಕೆಂಪು ಇಂಕಿನಲ್ಲಿ 'ನೀಟಾಗಿ ಬಣ್ಣ ತುಂಬಿಸಿ' ಅಂತ ಬರೆದು ಕಳಿಸಿದ್ದರು. ನೀನ್ಯಾಕೆ ಹಾಕಲಿಲ್ಲ ಪುಟ್ಟಿ ಅಂತ ಮಗುವನ್ನು ಕೇಳಿದೆ. 'ಅಮ್ಮನೇ ಹಾಕ್ಲಿ ಅಜ್ಜಿ, ನಂದು ಗೆರೆ ದಾಟಿ ಹೋಗತ್ತೆ' ಅಂದಳು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಹೋದ ವರ್ಷ ಇದೇ ಮಗು ಗೋಡೆ, ನೆಲ, ಫ್ರಿಜ್ಜು ಒಂದನ್ನೂ ಬಿಡದೆ ಗೀಚುತ್ತಿತ್ತು.

ಇಷ್ಟು ಚಿಕ್ಕ ಮಕ್ಕಳು ಗೆರೆಯೊಳಗೇ ಬಣ್ಣ ತುಂಬಬೇಕಾ? ಬೇಡ. ಅವರ ಕೈ ಇನ್ನೂ ತಯಾರಾಗುತ್ತಿದೆ. ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಮೂಳೆಯಾಗಿರುವುದಿಲ್ಲ, ಮೆತ್ತನೆಯ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತಾ ಎಂಟೂ ಮೂಳೆಯಾಗುವ ಹೊತ್ತಿಗೆ ಮಗುವಿಗೆ ಹತ್ತು ವರ್ಷದ ಆಸುಪಾಸು. ಕೈಯ ಮೇಲಿನ ಹಿಡಿತವೂ ಹಾಗೇ. ಮೊದಲು ಭುಜಕ್ಕೆ, ಆಮೇಲೆ ಮೊಣಕೈಗೆ, ಮಣಿಕಟ್ಟಿಗೆ, ಕೊನೆಗೆ ಬೆರಳಿಗೆ ಬರುತ್ತದೆ. ಎರಡು ವರ್ಷದ ಮಗು ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳನ್ನೇ ಆಡಿಸುತ್ತದೆ, ನೋಡಿದ್ದೀರಲ್ವಾ? ನಮ್ಮ ಮನೆಗಳಲ್ಲಿ ಮೂರು ವರ್ಷದ ಮಗುವಿಗೆ ರಂಗೋಲಿ ಎಳೆ ತಪ್ಪಿತು ಅಂತ ಯಾರೂ ಬೈದಿಲ್ಲ. ಪಕ್ಕದಲ್ಲಿ ಕೂತು ಪುಡಿ ಚೆಲ್ಲಾಡಿಕೊಂಡೇ ಕಲಿತರು.

ಬೆರಳಿಗೆ ಬಲ ಬರಬೇಕು, ಅದು ನಿಜ. ಅದಕ್ಕೆ ಬೇರೆ ದಾರಿಗಳಿವೆ. ಅವರೆಕಾಯಿ ಕಾಲ ಬಂದರೆ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ರಾಶಿ ಬೀಳುತ್ತದೆ. ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಹೊರಗೆ ಜಾರುತ್ತದೆ. ಮೊಮ್ಮಗಳಿಗೂ ಒಂದು ಬಟ್ಟಲು ಕೊಟ್ಟೆ. ಅರ್ಧ ಬೇಳೆ ಅಡುಗೆಮನೆ ಮೂಲೆ ಸೇರಿತು. ಸೇರಲಿ ಬಿಡಿ. ಮುಂದೆ ಪೆನ್ಸಿಲ್ ಹಿಡಿಯುವುದೂ ಅವೇ ಬೆರಳು. ಇನ್ನೊಂದು ವಿಷಯ, ಮುರಿದ ಕ್ರೇಯಾನನ್ನು ಎಸೆಯಬೇಡಿ. ತುಂಡು ಚಿಕ್ಕದಾದಷ್ಟೂ ಮುಷ್ಟಿಯಲ್ಲಿ ಹಿಡಿಯೋಕಾಗಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕಾಗುತ್ತದೆ.

ಕೆಲವು ಮಕ್ಕಳಿಗೆ ಗೆರೆಯೊಳಗೆ ತುಂಬುವುದೇ ಇಷ್ಟ. ಅವರನ್ನು ತಡೆಯುವುದೂ ಬೇಡ. ಐದಾರು ವರ್ಷವಾದರೂ ಕ್ರೇಯಾನ್ ಹಿಡಿಯೋಕೇ ಕಷ್ಟಪಟ್ಟರೆ, ಕೈ ಬೇಗ ಸೋತರೆ, ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಬೈಯುವುದರಿಂದ ಕೈ ಪಳಗುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನ ಬುನಾದಿ ಹಂತದಲ್ಲಿ ಆಟದ ಮೂಲಕವೇ ಕಲಿಸಿ ಅನ್ನುತ್ತದೆ.

ನಿನ್ನೆ ಹಳೇ ಕ್ಯಾಲೆಂಡರಿನ ಹಾಳೆಗಳನ್ನು ತಿರುಗಿಸಿ ಗೋಡೆಗೆ ಅಂಟಿಸಿದೆ. ಕ್ರೇಯಾನ್ ತುಂಡು ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದಳು. 'ಎಲ್ಲಿವರೆಗೆ ಹಾಕ್ಬಹುದು ಅಜ್ಜಿ?' ಅಂದಳು. 'ಕೈ ಎಟಕೋವರೆಗೂ ಹಾಕು' ಅಂದೆ.

ಓಡಿಹೋಗಿ ಸ್ಟೂಲು ಎಳೆದುಕೊಂಡು ಬಂದಳು.

ನಮಸ್ಕಾರ.