ತಾರೀಖು ಬರಲಿ, ತಡಿ

ಕೇಳುಗರಿಗೆ ನಮಸ್ಕಾರ.

ವಿಧಾನಸಭೆ ಅಧಿವೇಶನ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಒಂದು ಜಗಳ ಖಾಯಂ. ಟಿವಿಯಲ್ಲಿ ಶಾಸಕರು ಎದ್ದು ನಿಂತದ್ದು ಕಂಡರೆ ಸಾಕು, ಮೊಮ್ಮಗ ಚಾನೆಲ್ ಬದಲಿಸುತ್ತಾನೆ. ನಾನು "ತಡಿಯೋ, ತಾರೀಖು ಬರಲಿ" ಅನ್ನುತ್ತೇನೆ. ಕಂದಾಯ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಗುಮಾಸ್ತಿಕೆ ಮಾಡಿದವನ ಚಟ ಅದು. ಭೂಮಿಯ ಚರ್ಚೆಯಾಗಲಿ, ನೌಕರಿಯ ಚರ್ಚೆಯಾಗಲಿ, ಎರಡು ತಾಸು ಗದ್ದಲ ಮುಗಿದ ಮೇಲೆ ಕಡತಕ್ಕೆ ಇಳಿಯುವುದು ಒಂದು ತಾರೀಖು ಮಾತ್ರ. ಅದಕ್ಕಿಂತ ಒಂದು ದಿನ ಮೊದಲಿದ್ದವನು ಸಕ್ರಮ, ಮರುದಿನ ಬಂದವನು ಅಕ್ರಮ.

ನಮ್ಮ ಉತ್ತರ ಕನ್ನಡದವರಿಗೆ ಇದು ಬೇಗ ಅರ್ಥವಾಗಬೇಕು. 1956ರವರೆಗೆ ನಾವು ಮುಂಬೈ ರಾಜ್ಯದಲ್ಲಿದ್ದೆವು. ಅಲ್ಲಿನ 1948ರ ಗೇಣಿ ಕಾನೂನಿಗೆ ತಿದ್ದುಪಡಿಯಾಗಿ, 1957ರ ಏಪ್ರಿಲ್ 1 ಉಳುವವರ ದಿನ ಎಂದು ಗೊತ್ತಾಗಿತ್ತು. ಅವತ್ತಿನಿಂದ ಗೇಣಿದಾರ ತಾನು ಉಳುವ ಗದ್ದೆಯನ್ನು ಕೊಂಡವನೆಂದೇ ಲೆಕ್ಕ. ಆದರೆ 1956ರ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆ ಮೈಸೂರಿಗೆ ಸೇರಿತು. ಮೈಸೂರು ಸರ್ಕಾರ ಆ ಕಲಮುಗಳನ್ನು ತಡೆಹಿಡಿಯಿತು. ಅಂತರ ಬರೀ ಐದು ತಿಂಗಳು. ಕನ್ನಡದವರೆಲ್ಲ ಒಂದಾದ ಸಂತೋಷ ಸಣ್ಣದಲ್ಲ, ಒಪ್ಪುತ್ತೇನೆ. ಆದರೂ ಗೇಣಿದಾರನ ಮನೆಯಲ್ಲಿ ಆ ನವೆಂಬರಿನ ಲೆಕ್ಕವೇ ಬೇರೆ. ಅವನು ಮತ್ತೆ ಹದಿನೇಳು ವರ್ಷ ಧಣಿಯ ಅಂಗಳಕ್ಕೆ ಭತ್ತ ಅಳೆದ.

ಅಂಕೋಲೆಯ ದಿನಕರ ದೇಸಾಯಿಯವರನ್ನು ನಾಡು ಚುಟುಕಗಳಿಂದ ಬಲ್ಲದು. ಈ ಕರಾವಳಿಯ ಗೇಣಿ ರೈತರು ಬಲ್ಲದ್ದು ರೈತಕೂಟದ ದೇಸಾಯಿಯವರನ್ನು. ಬ್ರಿಟಿಷ್ ಆಡಳಿತ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. 1967ರಲ್ಲಿ ಪಕ್ಷೇತರರಾಗಿ ಗೆದ್ದು ಅವರು ಲೋಕಸಭೆಗೆ ಹೋದರು. ಹೋದದ್ದು ದಿಲ್ಲಿಗೆ, ಗೇಣಿ ಕಾನೂನು ಇದ್ದದ್ದು ಬೆಂಗಳೂರಿನಲ್ಲಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಭೂಮಿ ರಾಜ್ಯಪಟ್ಟಿಯದು. ಎಂಪಿ ಎಷ್ಟೇ ಗಟ್ಟಿಯಾಗಿ ಮಾತಾಡಿದರೂ ಗೇಣಿಯ ಒಂದು ಕಲಮನ್ನು ತಿದ್ದಲು ಬರುವುದಿಲ್ಲ. ಅದು ಎಮ್ಮೆಲ್ಲೆ ಕೆಲಸ. ಭೂಸ್ವಾಧೀನ ಇಬ್ಬರಿಗೂ ಸೇರಿದ್ದು. ಅರಣ್ಯವೂ 42ನೇ ತಿದ್ದುಪಡಿಯ ನಂತರ ಇಬ್ಬರದ್ದಾಯಿತು. ನೌಕಾನೆಲೆ, ಕೈಗಾ ಅಣುಸ್ಥಾವರ, ರೈಲ್ವೆಯ ನೌಕರಿ ಪೂರ್ತಿ ದಿಲ್ಲಿಯದು. ಈ ಗಡಿ ತಿಳಿಯದೆ ಜನ ಪಹಣಿ ಹಿಡಿದು ಎಂಪಿ ಮನೆಗೂ, ನೌಕಾನೆಲೆಯ ಅರ್ಜಿ ಹಿಡಿದು ಎಮ್ಮೆಲ್ಲೆ ಮನೆಗೂ ಹೋಗುತ್ತಾರೆ. ಇಬ್ಬರೂ "ನೋಡೋಣ" ಅಂದು ಕಳಿಸುತ್ತಾರೆ.

ನೌಕರಿಗೆ ಬರುತ್ತೇನೆ, ನನ್ನದರಿಂದಲೇ. 1976ರಲ್ಲಿ ಉದ್ಯೋಗ ವಿನಿಮಯ ಕೇಂದ್ರದ ಕಾರ್ಡ್ ಹಿಡಿದು ಸೇರಿದೆ. ಆದೇಶದಲ್ಲಿ ನನ್ನನ್ನು 'ಲೋಕಲ್ ಕ್ಯಾಂಡಿಡೇಟ್' ಎಂದು ಬರೆದಿತ್ತು. ಶಿರಸಿ ಸೀಮೆಯವ, ಸ್ಥಳೀಯನೆಂದು ಗೌರವ ಕೊಟ್ಟಿದ್ದಾರೆ ಅಂದುಕೊಂಡು ಅಮ್ಮನಿಗೆ ಹೇಳಿದೆ. ಮಾರನೇ ವಾರ ಹಿರಿಯ ಗುಮಾಸ್ತರು ನಕ್ಕು ತಿಳಿಸಿದರು: ನೇಮಕಾತಿ ನಿಯಮದ ಪ್ರಕಾರ ಆಯ್ಕೆಯಾಗದ ತಾತ್ಕಾಲಿಕ ನೌಕರ ಎಂದು ಅದರ ಅರ್ಥ. ಹುಕುಂ ಇಲ್ಲದೆ ಸರ್ಕಾರಿ ಜಮೀನು ಉಳುವವನನ್ನು ಬಗರ್ ಹುಕುಂ ಸಾಗುವಳಿದಾರ ಅನ್ನುತ್ತೇವಲ್ಲ, ಖಾಯಂ ಆಗುವವರೆಗೆ ನಾನೂ ಸರ್ಕಾರದೊಳಗೆ ಅಂಥವನೇ.

ದಿನಗೂಲಿಗಳ ಕಥೆಗೂ ಒಂದು ತಾರೀಖುಂಟು, 1984ರ ಜುಲೈ 1. ಅದಕ್ಕೆ ಮೊದಲು ಸೇರಿದವರಿಗೆ ಖಾಯಂ ಆಗುವ ದಾರಿ ಸಿಕ್ಕಿತು, ಆಮೇಲೆ ಸೇರಿದವರು ಕೋರ್ಟು ಅಲೆದರು. ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹಿಂಬಾಗಿಲ ನೇಮಕಾತಿಗೆ ಅಗುಳಿ ಹಾಕಿತು. ಮುಂಬಾಗಿಲಿನ ಕಥೆಯೂ ಸರಾಗವಲ್ಲ ಅನ್ನಿ. ಲೋಕಸೇವಾ ಆಯೋಗದ 2011ನೇ ಸಾಲಿನ 362 ಹುದ್ದೆಗಳ ಆಯ್ಕೆ ಪಟ್ಟಿಯನ್ನು 2014ರಲ್ಲಿ ಸರ್ಕಾರವೇ ಕೈಬಿಟ್ಟಿತು. 2022ರಲ್ಲಿ ವಿಧಾನಮಂಡಲವೇ ಕಾನೂನು ಮಾಡಿ ಅದೇ ಪಟ್ಟಿಯನ್ನು ಊರ್ಜಿತಗೊಳಿಸಿತು. ಅಂಥ ಮಸೂದೆ ಬಂದ ದಿನ ಶಾಸಕ ಸಭಾತ್ಯಾಗ ಮಾಡಿ ಹೊರಗೆ ಹೋದರೆ ನನಗೆ ಸಿಟ್ಟು ಬರುತ್ತದೆ. ಆ ಹೊತ್ತಿಗೆ ಒಳಗೆ ಕೂತು ಕಲಂ ಓದುವವನು ಬೇಕು. ಕಾನೂನಿನ ಕನ್ನಡದಲ್ಲಿ 'ಕೊಡತಕ್ಕದ್ದು' ಎಂದಿದ್ದರೆ ಒಂದು, 'ಕೊಡಬಹುದು' ಎಂದಿದ್ದರೆ ಇನ್ನೊಂದು. 'ಬಹುದು' ಎಂದಿರುವಲ್ಲಿ ಅರ್ಜಿ ಮೇಜಿನ ಮೇಲೆ ವರ್ಷಗಟ್ಟಲೆ ಮಲಗುವುದನ್ನು ನಾನೇ ನೋಡಿದ್ದೇನೆ.

ಮತ್ತೆ ಭೂಮಿಗೆ. ಅರಣ್ಯ ಅತಿಕ್ರಮಣದಲ್ಲಿ ನಮ್ಮಲ್ಲಿ ಮಕ್ಕಳ ಬಾಯಲ್ಲೂ ಇರುವ ತಾರೀಖು 1978ರ ಏಪ್ರಿಲ್ 27. ಆಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿದ್ದರೆ ಸಾಕು, ಉಳಿದವರು ಅದರ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದಿರಬೇಕು. 1930ರಲ್ಲಿ ಅಜ್ಜ ಈ ಬೆಟ್ಟದಲ್ಲೇ ಇದ್ದನೆಂಬುದಕ್ಕೆ ದಾಖಲೆ ಎಲ್ಲಿಂದ ತರಬೇಕು? ಗೆದ್ದಲು ತಿನ್ನದೆ ಬಿಟ್ಟದ್ದು ಏನಾದರೂ ಇದ್ದರೆ ತರಬೇಕು.

ನನ್ನ ಎದೆಯಲ್ಲಿ ಕೂತಿರುವುದು ಮಾತ್ರ ಬೇರೆ ತಾರೀಖು. ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿಯೆಲ್ಲ ಸರ್ಕಾರದ್ದಾಯಿತು. ಅದನ್ನು ತನ್ನ ಹೆಸರಿಗೆ ಪಡೆಯಲು ಗೇಣಿದಾರ ನಮೂನೆ 7ರಲ್ಲಿ ಡಿಕ್ಲರೇಶನ್ ಕೊಡಬೇಕು, ಭೂ ನ್ಯಾಯಮಂಡಳಿ ತೀರ್ಮಾನಿಸಬೇಕು. ಅರ್ಜಿಯ ಅವಧಿ ವಿಸ್ತರಿಸುತ್ತ ಬಂದು ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಜೂನ್ ಮೂವತ್ತು! ಘಟ್ಟದ ಕೆಳಗೆ ಒಂದು ಮಳೆಗಾಲ ಕಳೆದವನು ಅಂಥ ತಾರೀಖು ಇಡುತ್ತಿದ್ದನೇ?

ಅವತ್ತು ಶನಿವಾರ. ಸೋಮವಾರ ಬೆಳಿಗ್ಗೆ ಕಚೇರಿಯ ಬಾಗಿಲಿಗೆ ಒಬ್ಬ ಮುದುಕಿ ಬಂದು ನಿಂತಳು. ಕಂಬಳಿ ಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಡಿಲಿನಿಂದ ಅಡಿಕೆ ಹಾಳೆ ತೆಗೆದಳು, ದಾರ ಬಿಚ್ಚಿದಳು, ಒಳಗೆ ನಮೂನೆ 7. ಒಂದು ಹನಿಯೂ ತಾಗಿರಲಿಲ್ಲ. "ಒಡ್ಯಾ, ನಾಕು ದಿನ ಹೊಳೆ ಇಳೀಲೇ ಇಲ್ಲ, ದೋಣಿ ಹಾಕ್ಲಿಲ್ಲ" ಅಂದಳು. ಇಪ್ಪತ್ತೈದರ ಹುಡುಗ ನಾನು, ನನ್ನನ್ನು ಒಡೆಯ ಅನ್ನುತ್ತಿದ್ದಳು. ಸಾಹೇಬರನ್ನು ಕೇಳಿ ಬಂದೆ. "ಅವಧಿ ಮೀರಿದ್ದರಿಂದ ಹಿಂದಿರುಗಿಸಿದೆ" ಎಂದು ಅರ್ಜಿಯ ಬದಿಯಲ್ಲಿ ಬರೆದು ಕೊಟ್ಟೆ. ಆಕೆ ಅದನ್ನು ಮತ್ತೆ ಹಾಳೆಯೊಳಗೆ ಮಡಿಸಿ, ಅದೇ ದಾರ ಕಟ್ಟಿಕೊಂಡು ಹೋದಳು.

ವಿಧಾನಮಂಡಲ ಆ ಬಾಗಿಲನ್ನು ಮತ್ತೊಮ್ಮೆ ತೆರೆದದ್ದು 1998ರಲ್ಲಿ. 77ಎ ಎಂಬ ಹೊಸ ಕಲಂ, ನಮೂನೆ 7ಎ, ಅಂದು ಅರ್ಜಿ ಹಾಕಲಾಗದೆ ಇನ್ನೂ ಉಳುತ್ತಿರುವ ಗೇಣಿದಾರರಿಗೆ. ಯಾವ ಯಾವ ಶಾಸಕರು ಅದಕ್ಕಾಗಿ ಎಷ್ಟು ಸಲ ಎದ್ದು ನಿಂತರೋ, ಅವರ ಮಾತೆಲ್ಲ ನಡವಳಿಯ ಸಂಪುಟಗಳಲ್ಲಿ ಕೂತಿರುತ್ತದೆ. ಆ ಮಾತುಗಳು ನಮ್ಮ ಕೌಂಟರಿಗೆ ಬಂದದ್ದು ಒಂದು ಸರತಿ ಸಾಲಾಗಿ. ಸಾಲಿನಲ್ಲಿ ಐವತ್ತರ ಆಸುಪಾಸಿನವನೊಬ್ಬ, ಅಬ್ಬೆ ತೀರಿಕೊಂಡು ಆರು ವರ್ಷ ಎಂದ. 7ಎ ಜೊತೆಗೆ ದಾಖಲೆ ಏನಿದೆ ಎಂದು ಕೇಳಿದೆ. ಅಡಿಕೆ ಹಾಳೆಯ ಕಟ್ಟು ಬಿಚ್ಚಿ ಹಳೇ ನಮೂನೆಯನ್ನು ಮುಂದಿಟ್ಟ. ಬದಿಯಲ್ಲಿ ನನ್ನದೇ ಅಕ್ಷರ, ಶಾಯಿ ಸ್ವಲ್ಪವೂ ಮಾಸಿರಲಿಲ್ಲ.

ತಡವಾಗಿಯಾದರೂ ಬಂದಿದ್ದರು ಎಂಬುದಕ್ಕೆ ಅದೇ ಆಧಾರ ಎಂದು ಕಡತಕ್ಕೆ ಸೇರಿಸಿಕೊಂಡೆ.

ನಮಸ್ಕಾರ.